ಚಿಕ್ಕಮ್ಮನ ಮೂರು ಕೆಂಪು ಚೌಕಗಳು

ಕಳೆದ ತಿಂಗಳು ದಾವಣಗೆರೆಯಿಂದ ಚಿಕ್ಕಮ್ಮ ತಮ್ಮ ಮೊಮ್ಮಗನ ನಾಮಕರಣದ ಕರೆಯನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ‘ಎಲ್ಲರೂ ತಪ್ಪದೆ ಬರಬೇಕು’ ಎಂಬ ಸಾಲಿನ ಮುಂದೆ ಎರಡು ಗುಲಾಬಿ, ಮುಗಿದ ಕೈಗಳು, ಕೊನೆಯಲ್ಲಿ ಬಿಳಿಯ ಅಕ್ಷರವೊಂದನ್ನು ಹೊತ್ತ ಮೂರು ಕೆಂಪು ಚೌಕಗಳಿದ್ದವು. ಟೋಕಿಯೋದ ನಿಶಿಕಸಾಯಿ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತ ಅದನ್ನು ಓದಿದ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಸಾಲಿನಲ್ಲಿ ಮುಂದೆ ನಿಂತಿದ್ದವರು ತಿರುಗಿ ನೋಡಿದರು. ಆ ಅಕ್ಷರವನ್ನು ಇಲ್ಲಿ ‘ಮನ್’ ಎಂದು ಓದುತ್ತಾರೆ. ಭರ್ತಿಯಾಗಿದೆ, ಇನ್ನು ಜಾಗವಿಲ್ಲ ಎಂದು ಆ ಚೌಕದ ಅರ್ಥ. ಬನ್ನಿ ಬನ್ನಿ ಎಂದು ಕರೆದು, ಮೂರು ಸಲ ಬಾಗಿಲು ಹಾಕಿದಂತಾಗಿತ್ತು.

ಇಲ್ಲಿ ಈ ಅಕ್ಷರವನ್ನು ನಿತ್ಯ ಕಾಣುವುದು ಪಾರ್ಕಿಂಗ್ ಜಾಗಗಳ ಮುಂದೆ. ಕೆಂಪು ದೀಪದಲ್ಲಿ ‘ಮನ್’ ಉರಿಯುತ್ತಿದ್ದರೆ ಕಾರಿನವರು ಒಳಗೆ ಇಣುಕಿಯೂ ನೋಡದೆ ಮುಂದೆ ಹೋಗುತ್ತಾರೆ. ಅದರ ಜೋಡಿಯಾದ ‘ಕೂ’, ಅಂದರೆ ಖಾಲಿ, ಉರಿಯುತ್ತಿದ್ದರೆ ತಿರುಗಿಸುತ್ತಾರೆ. ದೊಕೊಮೊ ಕಂಪನಿ 1999ರಲ್ಲಿ ತನ್ನ ಫೋನುಗಳಿಗೆಂದು 176 ಪುಟ್ಟ ಚಿತ್ರಗಳನ್ನು ಹೊರತಂದ ಕಾಲದಿಂದ ಇಂಥವು ಜಪಾನಿನ ಫೋನುಗಳಲ್ಲಿ ಬೆಳೆಯುತ್ತ ಬಂದವು. ಬೀದಿಯ ಫಲಕದ ಅಕ್ಷರಗಳೂ ಅವುಗಳ ಜೊತೆ ಸೇರಿಕೊಂಡವು. ಜಗತ್ತಿನ ಫೋನು, ಕಂಪ್ಯೂಟರುಗಳೆಲ್ಲ ಅನುಸರಿಸುವ ಅಕ್ಷರಪಟ್ಟಿಯಾದ ಯೂನಿಕೋಡ್ 2010ರಲ್ಲಿ ತನ್ನ 6.0 ಆವೃತ್ತಿಯಲ್ಲಿ ಅವನ್ನು ಒಳಗೊಂಡ ಮೇಲೆ ದಾವಣಗೆರೆಯ ಫೋನಿಗೂ ಅಕ್ಷರ ಬಂದು ತಲುಪಿತು, ಅರ್ಥವನ್ನು ಮಾತ್ರ ತನ್ನ ಊರಿನಲ್ಲೇ ಬಿಟ್ಟು.

ರಾತ್ರಿ ಫೋನು ಮಾಡಿ ವಿಷಯ ತಿಳಿಸಿದೆ. ಚಿಕ್ಕಮ್ಮ ಒಂದಿಷ್ಟೂ ಪೇಚಾಡಲಿಲ್ಲ. ‘ತುಂಬೈತಿ ಅಂದ್ರೆ ಚಲೋನೇ ಅಲ್ಲೇನಪ್ಪಾ? ಮನಿ ತುಂಬ ಮಂದಿ ಬರ್ಲಿ ಅಂತಾನೇ ಕರೆಯೋದು’ ಎಂದರು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತುಂಬಿದ ಕೊಡ, ತುಂಬಿದ ಮನೆ, ಉಡಿ ತುಂಬುವುದು, ತುಂಬು ಬಸುರಿ: ನಮ್ಮಲ್ಲಿ ತುಂಬಿದ್ದೆಲ್ಲ ಶುಭವೇ. ಡಬ್ಬಿಯಲ್ಲಿ ಅಕ್ಕಿಯ ತಳ ಕಂಡಾಗಲೂ ಅಜ್ಜಿ ‘ಖಾಲಿ’ ಎನ್ನಗೊಡುತ್ತಿರಲಿಲ್ಲ. ‘ತುಂಬಬೇಕು ಅನ್ನು’ ಎಂದು ಗದರುತ್ತಿದ್ದರು. ಇಲ್ಲಿಯಾದರೋ ಖಾಲಿ ಎಂಬುದೇ ಸಿಹಿಸುದ್ದಿ. ಆ ‘ಕೂ’ ಅಕ್ಷರವನ್ನೇ ‘ಸೊರ’ ಎಂದು ಓದಿದರೆ ಆಕಾಶ. ಬೌದ್ಧ ಸೂತ್ರಗಳ ಶೂನ್ಯಕ್ಕೂ ಜಪಾನಿನಲ್ಲಿ ಅದೇ ಅಕ್ಷರ. ಅಲ್ಲಮನ ಬಯಲು ನಮ್ಮದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಅದನ್ನು ವಚನದಲ್ಲಿ ಇಟ್ಟುಕೊಂಡೆವು, ಅಡುಗೆಮನೆಗೆ ಬರಗೊಡಲಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ತುಂಬಿದ್ದನ್ನು ತುಂಬಿದೆ ಎಂದು ಒಪ್ಪಿಕೊಳ್ಳಲು ನಮಗೆ ಬರುವುದೇ ಇಲ್ಲ. ಮೆಟ್ಟಿಲಿನ ಮೇಲೆ ನೇತಾಡುವವರಿಗೂ ಬಸ್ಸಿನ ಕಂಡಕ್ಟರರು ‘ಒಳಗೆ ಹೋಗಿ, ಹಿಂದೆ ಖಾಲಿ ಇದೆ’ ಎನ್ನುತ್ತಾರೆ. ಮದುವೆಯ ಊಟದಲ್ಲಿ ಉಣ್ಣುವವನ ಕುರ್ಚಿಯ ಬೆನ್ನು ಹಿಡಿದು ಹಿಂದೆ ಇನ್ನೊಬ್ಬ ನಿಂತಿರುತ್ತಾನೆ. ಕೂತವನಿಗೆ ಮಜ್ಜಿಗೆಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ನಿಂತವನಿಗೆ ಸಂಕೋಚವೂ ಇಲ್ಲ. ನಾಲ್ಕು ವರ್ಷಗಳ ಹಿಂದೆ ಯಾತ್ರಾಸ್ಥಳವೊಂದಕ್ಕೆ ಅಪ್ಪನನ್ನು ಕರೆದೊಯ್ದಿದ್ದಾಗ, ಲಾಡ್ಜಿನವನು ‘ಐದೇ ನಿಮಿಷ ಸಾರ್, ರೂಮು ಕ್ಲೀನ್ ಆಗ್ತಿದೆ’ ಎಂದು ರಾತ್ರಿ ಹನ್ನೊಂದರವರೆಗೆ ಕೂರಿಸಿ, ಆಮೇಲೆ ಇಲ್ಲವೆಂದು ಕೈಯಾಡಿಸಿದ. ಮಂಡಿನೋವಿನ ಎಪ್ಪತ್ತೆರಡರ ಅಪ್ಪ ಚೀಲದ ಮೇಲೆ ತಲೆಯಿಟ್ಟು ಬೆಂಚಿನಲ್ಲಿ ಮಲಗಿದ್ದರು. ಬಾಗಿಲಲ್ಲಿ ಆ ಒಂದು ಕೆಂಪು ಅಕ್ಷರ ಉರಿಯುತ್ತಿದ್ದರೆ ಒಂಬತ್ತಕ್ಕೇ ಬೇರೆ ಕಡೆ ಹೋಗಿರುತ್ತಿದ್ದೆವು. ಇಲ್ಲವೆನ್ನಲು ಬಾರದ ದಾಕ್ಷಿಣ್ಯವನ್ನು ಅತಿಥಿಸತ್ಕಾರವೆಂದು ಕರೆದುಕೊಳ್ಳುವ ನಮ್ಮ ರೂಢಿಗಿಂತ ಆ ದೀಪವೇ ಮೇಲು ಎಂದು ನನಗೆ ಈಗಲೂ ಅನಿಸುತ್ತದೆ.

ಹಾಗೆಂದು ಆ ದೀಪದ ಕೆಳಗೆ ನಿಂತು ನೆನೆದವನೂ ನಾನೇ. ಇಲ್ಲಿಗೆ ಬಂದ ಮೊದಲ ವರ್ಷ, ಜಡಿಮಳೆಯ ಒಂದು ಸಂಜೆ, ಎಂಟೇ ಆಸನಗಳ ಊಟದ ಅಂಗಡಿಯೊಂದಕ್ಕೆ ಹೆಂಡತಿಯೊಡನೆ ಹೋಗಿದ್ದೆ. ಒಂದು ಆಸನ ಖಾಲಿಯಿತ್ತು, ಮೂಲೆಯಲ್ಲೊಂದು ಸ್ಟೂಲೂ ಇತ್ತು. ಅಂಗಡಿಯಾತ ಎರಡು ಕೈಗಳನ್ನು ಎದೆಯ ಮುಂದೆ ಅಡ್ಡಹಿಡಿದು, ಬಾಗಿ, ಕ್ಷಮೆ ಕೇಳಿ ನಮ್ಮನ್ನು ಕಳಿಸಿಕೊಟ್ಟ. ಊರಿನಲ್ಲಾಗಿದ್ದರೆ ಆ ಸ್ಟೂಲನ್ನು ಎಳೆದು ಹಾಕಿ, ಪಕ್ಕದವರಿಗೆ ‘ಸ್ವಲ್ಪ ಜರುಗಿ’ ಎನ್ನುತ್ತಿದ್ದರು. ಪಕ್ಕದವರು ಜರುಗುತ್ತಲೂ ಇದ್ದರು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕಾಗಿದೆ. ಹುಣ್ಣಿಮೆಗೆ, ಮರತುಂಬ ಅರಳಿದ ಚೆರ್ರಿ ಹೂವಿಗೆ, ಸಂತೃಪ್ತಿಗೆ ಜಪಾನೀಯರು ಹೇಳುವ ಪದಗಳೆಲ್ಲ ಇದೇ ‘ಮನ್’ನಿಂದಲೇ ಶುರುವಾಗುತ್ತವೆ. ರ್‍ಯೋಗೊಕುವಿನ ಸುಮೋ ಅಖಾಡದಲ್ಲಿ ಜನ ಭರ್ತಿಯಾದ ದಿನ ಕಣದ ಮೇಲ್ಗಡೆ ‘ಮನ್‌ಇನ್ ಓನ್‌ರೆಯ್’ ಎಂಬ ಬಟ್ಟೆ ಇಳಿಬಿಡುತ್ತಾರೆ: ತುಂಬಿದೆ, ನಿಮಗೆ ಧನ್ಯವಾದ. ಗಾಂಧಿನಗರದ ಚಿತ್ರಮಂದಿರಗಳ ‘ಹೌಸ್‌ಫುಲ್’ ಬೋರ್ಡನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಕ್ಕಮ್ಮ ಹೇಳಿದ್ದು ತಪ್ಪೇನೂ ಆಗಿರಲಿಲ್ಲ. ಅರ್ಥವನ್ನು ಪಾರ್ಕಿಂಗ್ ಜಾಗದಿಂದ ಎತ್ತಿಕೊಂಡವನು ನಾನು.

ಆದರೆ ಅಷ್ಟರಲ್ಲಿ ನಾನು ಜಾಣತನ ತೋರಿಸಿಯಾಗಿತ್ತು. ಶುಭ ಕೋರಲು ಕೆಂಪು ವೃತ್ತದ ಚಿಹ್ನೆ ಬೇರೆಯೇ ಇದೆ, ಅದನ್ನು ಹಾಕಿ ಎಂದು ಹೇಳಿಕೊಟ್ಟಿದ್ದೆ. ಫೋನಿನಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಕೆಂಪು ವೃತ್ತವಿದೆ. ಗುಟ್ಟು, ಯಾರಿಗೂ ತಿಳಿಯಬಾರದು ಎಂದು ಅದರ ಅರ್ಥ. ಮೊನ್ನೆ ಪಕ್ಕದ ಮನೆಯವರ ಗೃಹಪ್ರವೇಶದ ಕರೆಯನ್ನು ಚಿಕ್ಕಮ್ಮ ಗುಂಪಿಗೆ ಹಾಕಿದ್ದಾರೆ, ಕೊನೆಯಲ್ಲಿ ಆ ವೃತ್ತವನ್ನು ಐದು ಸಲ ಒತ್ತಿ. ಈ ಬಾರಿ ನಾನು ಫೋನು ಮಾಡಲಿಲ್ಲ.