ಹುಟ್ಟುವಾಗಲೇ ಹಳತಾದ ಕಾರುಗಳು

ಇಂಗ್ಲೆಂಡಿನ ಜಾಗ್ವಾರ್ ಕಂಪನಿ 1963ರಲ್ಲಿ ತನ್ನ ಇ-ಟೈಪ್ ಕಾರಿಗೆ ಉಕ್ಕಿನ ಬದಲು ಅಲ್ಯೂಮಿನಿಯಂ ತಗಡಿನ ಮೈ ತೊಡಿಸಿ, ಓಟದ ಪಂದ್ಯಗಳಿಗೆಂದೇ 18 ಹಗುರ ಕಾರುಗಳನ್ನು ತಯಾರಿಸುವುದೆಂದು ತೀರ್ಮಾನಿಸಿ, ಅವುಗಳಿಗಾಗಿ 18 ಚಾಸಿಸ್ (ಕಾರಿನ ಅಡಿಚೌಕಟ್ಟು) ಸಂಖ್ಯೆಗಳನ್ನು ಕಾದಿರಿಸಿತು. ಹನ್ನೆರಡು ಕಾರುಗಳಾಗುವಷ್ಟರಲ್ಲಿ ಕೆಲಸ ನಿಂತುಹೋಯಿತು. ಉಳಿದ ಆರು ಸಂಖ್ಯೆಗಳು ಯಾವ ಲೋಹದ ಮೇಲೂ ಮೂಡದೆ ಅರ್ಧ ಶತಮಾನ ಕಡತದಲ್ಲೇ ಉಳಿದವು. 2014ರಲ್ಲಿ ಕಂಪನಿಗೆ ಅವುಗಳ ನೆನಪಾಯಿತು. ಆರು ಸಂಖ್ಯೆಗಳಿಗೆ ಆರು ಕಾರುಗಳನ್ನು ಹಳೆಯ ಅಳತೆಯಲ್ಲೇ, ಹಳೆಯ ಬಗೆಯ ಎಂಜಿನ್ನನ್ನೇ ಇಟ್ಟು ಕಟ್ಟಿಸಿ, ಒಂದೊಂದಕ್ಕೂ ಸುಮಾರು ಹತ್ತು ಲಕ್ಷ ಪೌಂಡ್ ಬೆಲೆ ಇಟ್ಟಿತು. ಇವುಗಳನ್ನು ನಕಲು ಎಂದು ಕರೆದರೆ ಕಂಪನಿ ಒಪ್ಪುವುದಿಲ್ಲ. ಇವು ‘ಕಂಟಿನ್ಯುಯೇಶನ್’ ಕಾರುಗಳು, ಅಂದರೆ ಅಂದು ನಿಂತ ಕೆಲಸದ ಮುಂದುವರಿಕೆ ಎಂಬುದು ಅದರ ವಾದ.

ಈ ವಾದದಲ್ಲಿ ನನಗೆ ಸರ್ಕಾರಿ ಕಚೇರಿಯ ಕಡತದ ವಾಸನೆ ಬರುತ್ತದೆ. ಮಂಜೂರಾದ ಹುದ್ದೆಗಳು ಹದಿನೆಂಟು, ಭರ್ತಿಯಾದವು ಹನ್ನೆರಡು, ಖಾಲಿ ಇರುವವು ಆರು. ಖಾಲಿ ಹುದ್ದೆಗಳಿಗೆ ನೇಮಕಾತಿ ನಡೆಯುವುದು ಈಗ, ಸೇವಾ ಜ್ಯೇಷ್ಠತೆ ಮಾತ್ರ 1963ರಿಂದ. ಇಂಥ ಪ್ರಸ್ತಾವಕ್ಕೆ ಸಹಿ ಹಾಕುವ ಲೆಕ್ಕಾಧಿಕಾರಿ ಯಾವ ದೇಶದಲ್ಲೂ ಸಿಗಲಾರನು. ಕಾರುಪ್ರಿಯರು ಮಾತ್ರ ಸಂತೋಷದಿಂದ ಒಪ್ಪಿ ಚೆಕ್ಕು ಬರೆದುಕೊಟ್ಟರು.

ಹಾಗೆಂದು ಎಲ್ಲ ಖಾಲಿ ಸಂಖ್ಯೆಗಳ ಹಿಂದೆಯೂ ಒಂದೇ ಕಾರಣವಿರುವುದಿಲ್ಲ. 1957ರ ಫೆಬ್ರುವರಿ 12ರಂದು ಕೊವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಎಕ್ಸ್‌ಕೆಎಸ್‌ಎಸ್ ಎಂಬ ಹೆಸರಿನ, ರಸ್ತೆಯ ಮೇಲೂ ಓಡಿಸಬಹುದಾದ ಓಟದ ಕಾರುಗಳಲ್ಲಿ ಒಂಬತ್ತು ಸುಟ್ಟುಹೋದವು. ಮಾಡಬೇಕೆಂದಿದ್ದ 25ರಲ್ಲಿ ಜಗತ್ತಿಗೆ ಸಿಕ್ಕಿದ್ದು 16 ಮಾತ್ರ. ನಟ ಸ್ಟೀವ್ ಮ್ಯಾಕ್ವೀನ್ ಅವುಗಳಲ್ಲೊಂದನ್ನು ಕೊಂಡು ಓಡಿಸಿದ್ದರಿಂದ ಆ ಹದಿನಾರರ ಕೀರ್ತಿ ಇನ್ನಷ್ಟು ಏರಿತು. 2016ರಲ್ಲಿ ಜಾಗ್ವಾರ್ ಆ ಒಂಬತ್ತನ್ನು ಮತ್ತೆ ಕಟ್ಟಿಕೊಡುವುದಾಗಿ ಸಾರಿದಾಗ, ಬೆಂಕಿ ಕಸಿದುಕೊಂಡದ್ದನ್ನು ಮರಳಿಸುತ್ತಿದ್ದಾರೆ ಎಂಬ ಭಾವಕ್ಕಾದರೂ ಜಾಗವಿತ್ತು. ಎರಡು ವರ್ಷದ ಬಳಿಕ ಡಿ-ಟೈಪ್ ಕಾರುಗಳ ಸರದಿ ಬಂತು. 1955ರಿಂದ 57ರವರೆಗೆ ಮೂರು ವರ್ಷ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ಸ್ ಓಟದ ಪಂದ್ಯವನ್ನು ಗೆದ್ದ ಈ ಕಾರುಗಳನ್ನು 100 ಮಾಡಬೇಕೆಂದಿದ್ದು 75ಕ್ಕೆ ನಿಲ್ಲಿಸಿದ್ದರಿಂದ, ಉಳಿದ 25ನ್ನು ಈಗ ಮಾಡುತ್ತೇವೆ ಎಂದು ಕಂಪನಿ ಹೇಳಿತು. ಅಂದು ನಿಲ್ಲಿಸಿದ್ದು ಏಕೆ ಎಂದು ನೋಡಿದರೆ ನಗು ಬರುತ್ತದೆ. ಕೊಳ್ಳುವವರಿರಲಿಲ್ಲ. ಮಾರಾಟವಾಗದೆ ಉಳಿದ ಡಿ-ಟೈಪ್‌ಗಳಿಗೆ ಗಾಳಿತಡೆ ಗಾಜು, ಎರಡನೆಯ ಬಾಗಿಲು, ತೆಳುವಾದ ಬಟ್ಟೆಯ ಚಾವಣಿ ಜೋಡಿಸಿದ್ದೇ ಎಕ್ಸ್‌ಕೆಎಸ್‌ಎಸ್ ಹುಟ್ಟಿದ ಬಗೆ. ಬೇಡಿಕೆ ಇಲ್ಲವೆಂದು ಕೈಬಿಟ್ಟ ವಸ್ತುವನ್ನೇ, ಬೇಡಿಕೆ ಇಲ್ಲದ ಕಾರಣಕ್ಕೆ ವಿರಳವಾಯಿತೆಂದು ಹತ್ತಾರು ಲಕ್ಷಕ್ಕೆ ಮಾರುವ ಜಾಣತನ ಹಳೆಯ ಮಾಲೀಕರಿಗೆ ಹೊಳೆದಿರಲಿಲ್ಲ. ಬೆಂಕಿಯ ನೆಪವನ್ನು ನಾನು ಒಪ್ಪಿಬಿಡಬಲ್ಲೆ. ಗಿರಾಕಿ ಇರಲಿಲ್ಲ ಎಂಬ ನೆಪವನ್ನು ಒಪ್ಪಲು ಸ್ವಲ್ಪ ಹೊತ್ತು ಬೇಕು.

ಇನ್ನು ಈ ಕಾರುಗಳನ್ನು ಕಟ್ಟುವ ಬಗೆಯನ್ನು ಹತ್ತಿರದಿಂದ ನೋಡಿದರೆ ಪ್ರಶ್ನೆ ಮತ್ತಷ್ಟು ಸೊಗಸಾಗಿ ಗೋಜಲಾಗುತ್ತದೆ. ಹಗುರ ಇ-ಟೈಪ್‌ಗಾಗಿ ಎಂಜಿನಿಯರುಗಳು ಹಳೆಯ ಕಾರೊಂದರ ಮೈಯನ್ನು ಒಳಗೂ ಹೊರಗೂ ಸ್ಕ್ಯಾನ್ ಮಾಡಿ ಅಳೆದರು. ಅರವತ್ತರ ದಶಕದ ಕಾರಿನ ಮೈ ಕೈಕೆಲಸದ್ದು. ತಗಡನ್ನು ಬಡಿದು ಬಾಗಿಸಿದ ಕಾರಿನಲ್ಲಿ ಎಡ ಮಗ್ಗುಲು ಬಲ ಮಗ್ಗುಲಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕೆಂದು ಬಯಸುವುದು ಅತಿಯಾಸೆ. ಆದ್ದರಿಂದ ಅವರು ಒಂದು ಮಗ್ಗುಲಿನ ಅಳತೆಯನ್ನು ಆಯ್ದು, ಅದನ್ನೇ ಕಂಪ್ಯೂಟರಿನಲ್ಲಿ ಮಗುಚಿ ಇನ್ನೊಂದು ಮಗ್ಗುಲಾಗಿಸಿದರು. ಹೊಸ ಕಾರು ಕನ್ನಡಿಯಲ್ಲಿ ನೋಡಿದಂತೆ ಸಮವಾಯಿತು. ವಿನ್ಯಾಸಕಾರ ಮ್ಯಾಲ್ಕಂ ಸೇಯರ್ ಕಾಗದದ ಮೇಲೆ ಗಣಿತ ಹಾಕಿ ಎಳೆದ ರೇಖೆಗಳಿಗೆ ಯಾವುದು ಹೆಚ್ಚು ನಿಷ್ಠ ಎಂದು ಕೇಳಿದರೆ, ಹಳೆಯದಕ್ಕಿಂತ ಹೊಸದೇ ಎನ್ನಬೇಕಾಗುತ್ತದೆ. ಹಳೆಯ ಕಾರಿನ ಗುರುತು ಮಾತ್ರ ಆ ಅಸಮದಲ್ಲಿಯೇ ಇತ್ತು. ಕಮ್ಮಾರನ ಸುತ್ತಿಗೆ ಒಂದು ಬೆಳಗ್ಗೆ ತುಸು ಜೋರಾಗಿ ಬಿದ್ದದ್ದನ್ನು ಸ್ಕ್ಯಾನರು ಕಂಡುಹಿಡಿಯಿತು. ಕಂಡುಹಿಡಿದ ಮೇಲೆ ಅದನ್ನು ತಿದ್ದಿಬಿಟ್ಟರು.

ಎಕ್ಸ್‌ಕೆಎಸ್‌ಎಸ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ರಿವೆಟ್‌ಗಳಿವೆ. ಒಂದೊಂದು ಕಾರಿಗೂ ಸುಮಾರು ಹತ್ತು ಸಾವಿರ ತಾಸುಗಳ ದುಡಿಮೆ ಬೇಕು. ಕಂಚಿನ ಬೆಸುಗೆ ಹಾಕುವ ಹಳೆಯ ವಿಧಾನವನ್ನೇ ಇಲ್ಲಿ ಪಾಲಿಸಿದರು. ಪೆಟ್ರೋಲ್ ತುಂಬುವ ಚೀಲವೊಂದನ್ನು ಮಾತ್ರ ಈಗಿನ ಇಂಧನವನ್ನು ತಡೆದುಕೊಳ್ಳುವ ಹೊಸ ವಸ್ತುವಿನಲ್ಲಿ ಮಾಡಿಸಿದರು. ಇದು ಸಣ್ಣ ವಿಷಯವೆಂದು ಬಿಟ್ಟುಬಿಡಬಹುದು. ಆದರೆ ಅಸಲಿತನವೆಂಬುದು ಇಂಥ ಸಣ್ಣ ವಿಷಯಗಳನ್ನು ಎಣಿಸುತ್ತಲೇ ಬದುಕುವ ವ್ಯಾಧಿಯಾದ್ದರಿಂದ, ಆ ಒಂದು ಚೀಲದ ಬಗ್ಗೆ ಪಂಡಿತರು ಒಂದು ಸಂಜೆಯಿಡೀ ವಾದಿಸಬಲ್ಲರು.

ಲೋಹದಲ್ಲಿ ಅಸಲಿತನವನ್ನು ಹುಡುಕುವವರು ಲಂಡನ್ನಿನ ಹೈಕೋರ್ಟು 1990ರಲ್ಲಿ ವಿಚಾರಿಸಿದ ಒಂದು ಮೊಕದ್ದಮೆಯನ್ನು ನೋಡಬೇಕು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು 1929ರಲ್ಲಿ ಲೆ ಮಾನ್ಸ್ ಗೆದ್ದಿತ್ತು, 1930ರಲ್ಲಿ ಮತ್ತೆ ಗೆದ್ದಿತ್ತು. 1932ರಲ್ಲಿ ಅದಕ್ಕೆ ಎಂಟು ಲೀಟರಿನ ಎಂಜಿನ್ ಕೂರಿಸಿ ಬ್ರೂಕ್‌ಲ್ಯಾಂಡ್ಸ್ ಓಟದ ಹಾದಿಗೆ ಇಳಿಸಿದಾಗ, ಅದು ಇಳಿಜಾರಾಗಿ ಎತ್ತರಿಸಿದ ತಿರುವಿನ ಅಂಚು ದಾಟಿ ಹಾರಿ, ಓಡಿಸುತ್ತಿದ್ದ ಕ್ಲೈವ್ ಡನ್ಫಿ ತೀರಿಕೊಂಡರು. ಅನಂತರ ಅದಕ್ಕೆ ಚಾವಣಿಯುಳ್ಳ ಬೇರೆಯೇ ಮೈ ಬಂತು. ದಶಕಗಳ ಮೇಲೆ ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು ಹಿಂದೆ ಸರಿದು, ಇದು ಆ ಕಾರೇ ಅಲ್ಲವೆಂದರು. ಅವರ ಮಾತಿನಲ್ಲಿ ಹುರುಳಿತ್ತು. 1929ರ ಕಾರಿನದೆಂದು ಖಚಿತವಾಗಿ ಹೇಳಬಹುದಾದ ಭಾಗ ಹೆಚ್ಚುಕಡಿಮೆ ಉಳಿದಿರಲೇ ಇಲ್ಲ. 1930ರ ಕಾರಿನದೆಂದು ತೋರಿಸಲು ಗೇರುಪೆಟ್ಟಿಗೆಯ ಹೊರಕವಚ, ಸ್ಟಿಯರಿಂಗಿನ ಕಂಬ ಮುಂತಾದ ಒಂದೆರಡು ತುಂಡುಗಳಿದ್ದವು. ಆದರೂ ನ್ಯಾಯಾಧೀಶ ಆಟನ್ ಮಾರುವವರ ಪರವಾಗಿ ತೀರ್ಪಿತ್ತರು. ಈ ಕಾರು ಯಾವ ಗಳಿಗೆಯಲ್ಲೂ ಇಲ್ಲವಾಗಿ ಮತ್ತೆ ಹುಟ್ಟಿದ್ದಲ್ಲ, ಭಾಗಗಳು ಒಂದೊಂದಾಗಿ ಬದಲಾಗುತ್ತ ಅದೇ ಕಾರಾಗಿ ಮುಂದುವರಿದುಕೊಂಡು ಬಂದಿದೆ ಎಂಬುದು ಆ ತೀರ್ಪಿನ ಸಾರ.

ನಾನು ಈ ನ್ಯಾಯಾಧೀಶರ ಪಕ್ಷ. ಕಾರಿನ ಅಸಲಿತನ ಅದರ ತಗಡಿನಲ್ಲಿಲ್ಲ, ಕಡಿಯದೆ ಬಂದ ಬಾಳಿನಲ್ಲಿದೆ: ಯಾರ ಕೈಯಲ್ಲಿತ್ತು, ಎಲ್ಲಿ ಗುದ್ದಿತು, ಯಾರು ತಿದ್ದಿದರು, ಯಾವ ಮಳೆಗಾಲದಲ್ಲಿ ಯಾರ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯಿತು ಎಂಬ ಲೆಕ್ಕದಲ್ಲಿದೆ. ಹೆಚ್ಚುಕಡಿಮೆ ಎಲ್ಲ ಭಾಗವೂ ಬದಲಾದ ಓಲ್ಡ್ ನಂಬರ್ ಒನ್ ಅಸಲಿಯಾಗುವುದೂ, ಎಲ್ಲ ಭಾಗವೂ ಸರಿಯಾಗಿರುವ ಹೊಸ ಇ-ಟೈಪ್ ಅಸಲಿಯಾಗದೆ ಉಳಿಯುವುದೂ ಇದೇ ಕಾರಣಕ್ಕೆ. ಕಡತದಲ್ಲಿ ಸಂಖ್ಯೆ ಮಲಗಿದ್ದ ಐವತ್ತು ವರ್ಷ ಬಾಳು ಎನಿಸಿಕೊಳ್ಳುವುದಿಲ್ಲ.

ಮುಂದುವರಿಕೆಯ ಹಕ್ಕು ಯಾರದು ಎಂಬುದೂ ಒಂದು ರಸಿಕ ಪ್ರಶ್ನೆ. ಜಾಗ್ವಾರ್ 2008ರಿಂದ ನಮ್ಮ ಟಾಟಾ ಸಮೂಹದ ಸೊತ್ತು. 1963ರ ಆಂಗ್ಲ ಕನಸಿನ ಬಾಕಿ ಆರು ಕಾರುಗಳು ಹುಟ್ಟಿದ್ದು ಮುಂಬಯಿಯ ಒಡೆತನದಲ್ಲಿ ಎಂಬುದು ನನಗೆ ಖುಷಿ ಕೊಡುವ ಸಂಗತಿ. ಬೆಂಟ್ಲಿ 1998ರಿಂದ ಜರ್ಮನಿಯ ಫೋಕ್ಸ್‌ವ್ಯಾಗನ್‌ನದು. ಅದು 2019ರಲ್ಲಿ ಹನ್ನೆರಡು ‘ಬ್ಲೋವರ್’ ಕಾರುಗಳನ್ನು ಮತ್ತೆ ಮಾಡುವುದಾಗಿ ಘೋಷಿಸಿ, ತನ್ನ ಬಳಿಯಿದ್ದ 1929ರ ಟೀಮ್ ಕಾರೊಂದನ್ನು ತಿರುಪು ತಿರುಪಾಗಿ ಬಿಚ್ಚಿ, ಪ್ರತಿ ಭಾಗವನ್ನೂ ಲೇಸರಿನಿಂದ ಅಳೆದು, ಆಸನದೊಳಗೆ ಕುದುರೆಕೂದಲನ್ನೇ ತುಂಬಿಸಿತು. ಇಷ್ಟು ಭಕ್ತಿಯಿಂದ ಮರುಸೃಷ್ಟಿಸಿದ ಆ ಬ್ಲೋವರನ್ನು ಕಂಪನಿಯ ಸ್ಥಾಪಕ ಡಬ್ಲ್ಯು. ಓ. ಬೆಂಟ್ಲಿ ಎಂದೂ ಮೆಚ್ಚಿರಲಿಲ್ಲ. ಎಂಜಿನ್ನಿಗೆ ಗಾಳಿ ಊದಿ ಬಲ ಹೆಚ್ಚಿಸುವ ಸೂಪರ್‌ಚಾರ್ಜರ್ ಅಂಟಿಸುವುದೆಂದರೆ ತನ್ನ ವಿನ್ಯಾಸವನ್ನು ಕೆಡಿಸಿದಂತೆ ಎಂಬುದು ಅವರ ಅಭಿಪ್ರಾಯ. ಅದನ್ನು ಹಟ ಹಿಡಿದು ಮಾಡಿಸಿದವರು ಓಟಗಾರ ಟಿಮ್ ಬರ್ಕಿನ್, ಹಣ ಕೊಟ್ಟವರು ಡೊರೊತಿ ಪೇಜೆಟ್. ಲೆ ಮಾನ್ಸನ್ನು ಆ ಕಾರು ಒಮ್ಮೆಯೂ ಗೆಲ್ಲಲಿಲ್ಲ. ಸ್ಥಾಪಕರು ಬೇಡವೆಂದದ್ದನ್ನು ಸ್ಥಾಪಕರ ಹೆಸರಿನಲ್ಲೇ ಮುಂದುವರಿಸಿದ್ದಾರೆ. ಮನೆತನದ ಗೌರವ ಕಾಯುವುದೆಂದರೆ ಹಲವೊಮ್ಮೆ ಹೀಗೆಯೇ ಇರುತ್ತದೆ.

ಇಷ್ಟೆಲ್ಲ ಕುಹಕವಾಡಿದರೂ ಈ ಕಂಪನಿಗಳು ಸುಳ್ಳು ಹೇಳುತ್ತಿಲ್ಲ ಎಂಬುದನ್ನು ಒಪ್ಪಬೇಕು. ಸುಳ್ಳು ಹೇಗಿರುತ್ತದೆಂಬುದಕ್ಕೆ ಅಮೆರಿಕದ ಉದಾಹರಣೆಯಿದೆ. 1990ರ ದಶಕದ ಆರಂಭದಲ್ಲಿ ಕ್ಯಾರಲ್ ಶೆಲ್ಬಿ ತಮ್ಮ ಪ್ರಸಿದ್ಧ ಕೋಬ್ರಾ 427 ಕಾರುಗಳ ಒಂದಷ್ಟು ಚಾಸಿಸ್‌ಗಳು 1965ರಿಂದಲೂ ತಮ್ಮಲ್ಲಿ ಉಳಿದಿವೆಯೆಂದು ಹೇಳಿ, ಅವುಗಳಿಗೆ ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆಯಿಂದ ಹಳೆಯ ಕಾಲದ ನೋಂದಣಿ ಪತ್ರಗಳನ್ನೂ ಪಡೆದರು. ಆ ಚಾಸಿಸ್‌ಗಳು ಇತ್ತೀಚೆಗೆ ಮಾಡಿಸಿದವು ಎಂಬುದು ಪತ್ರಿಕಾ ವರದಿಯಿಂದ ಬಯಲಾಯಿತು. ಮುಂದೆ ಶೆಲ್ಬಿಯವರೇ ಹೊಸ ಸಂಖ್ಯಾ ಸರಣಿಯಲ್ಲಿ, ಇವು ಹೊಸವೆಂದು ಹೇಳಿಯೇ ಕೋಬ್ರಾಗಳನ್ನು ಮಾರಿದಾಗ ಯಾರೂ ತಕರಾರು ತೆಗೆಯಲಿಲ್ಲ. ಕಾರು ಎರಡು ಸಲವೂ ಹೊಸದೇ. ಕಾಗದದ ಮೇಲಿನ ಇಸವಿಯಷ್ಟೇ ವ್ಯತ್ಯಾಸ.

ಬ್ರಿಟನ್ನಿನ ಕಾರುಗಳ ವಿಷಯದಲ್ಲಿ ಕಾನೂನೇ ಈ ಗೊಂದಲವನ್ನು ಪರಿಹರಿಸಿಬಿಟ್ಟಿದೆ. ಇಂದಿನ ಹೊಗೆಯ ನಿಯಮ, ಡಿಕ್ಕಿಯ ಪರೀಕ್ಷೆ ಇವುಗಳ ಮುಂದೆ ಇವು ಹೊಸ ವಾಹನಗಳು. ಪಾಸಾಗುವುದಿಲ್ಲವಾದ್ದರಿಂದ ಹೆಚ್ಚಿನವಕ್ಕೆ ಸಾರ್ವಜನಿಕ ರಸ್ತೆ ನಿಷಿದ್ಧ, ಖಾಸಗಿ ಓಟದ ಹಾದಿಯೇ ಗತಿ. ಇದರಿಂದ ಒಂದು ತಮಾಷೆಯಾಗಿದೆ. ಓಟಕ್ಕೆಂದೇ ಹುಟ್ಟಿದ ಹಳೆಯ ಕಾರುಗಳ ಬೆಲೆ ಏರಿ ಏರಿ, ಗೀರು ಬೀಳುವ ಭಯಕ್ಕೆ ಅವುಗಳಲ್ಲಿ ಹಲವು ಹವಾನಿಯಂತ್ರಿತ ಕೋಣೆಗಳಲ್ಲಿ ಹೊದಿಕೆ ಹೊದ್ದು ಕೂತಿವೆ. ಹೊಸವು ಅವುಗಳ ಪರವಾಗಿ ಟೈರು ಸವೆಸುತ್ತಿವೆ. ಹಳೆಯ ಕಾರನ್ನು ಮನೆಯಲ್ಲಿಟ್ಟು, ಅದರದೇ ಪ್ರತಿಯನ್ನು ಪಂದ್ಯಕ್ಕೆ ಕೊಂಡೊಯ್ಯುವ ಮಾಲೀಕರೂ ಇದ್ದಾರೆ.

ಇವೆಲ್ಲವುಗಳಲ್ಲಿ ನನಗೆ ಮೆಚ್ಚುಗೆಯಾದದ್ದು, ಪಂಡಿತರು ಮೂಗು ಮುರಿಯುವ ಆಸ್ಟನ್ ಮಾರ್ಟಿನ್ ಡಿಬಿ5. ಜೇಮ್ಸ್ ಬಾಂಡ್ ಸಿನಿಮಾದ ಕಾರಿನಂತೆಯೇ, ತಿರುಗುವ ನಂಬರ್ ಪ್ಲೇಟು, ಹೊಗೆಯ ಪರದೆ, ಹಿಂದಿನಿಂದ ಮೇಲೇಳುವ ಗುಂಡುನಿರೋಧಕ ತಟ್ಟೆ, ದೀಪದ ಹಿಂದಿನಿಂದ ಚಾಚಿಕೊಂಡು ಹಾರಿಸಿದಂತೆ ನಟಿಸುವ ಬಂದೂಕುಗಳನ್ನು ಜೋಡಿಸಿ, 2020ರಿಂದ ನ್ಯೂಪೋರ್ಟ್ ಪ್ಯಾಗ್ನೆಲ್‌ನಲ್ಲಿ ಗಿರಾಕಿಗಳಿಗೆಂದು 25 ಕಾರುಗಳನ್ನು ಕಟ್ಟಿದರು; ಬೆಲೆ ತೆರಿಗೆ ಬಿಟ್ಟು 27.5 ಲಕ್ಷ ಪೌಂಡ್. ಮೂಲವೇ ನಟಿಸಲೆಂದು ಮಾಡಿದ ಕಾರಾದ್ದರಿಂದ, ಅದರ ಪ್ರತಿಯೂ ಅಷ್ಟೇ ಪ್ರಾಮಾಣಿಕವಾಗಿ ನಟಿಸುತ್ತದೆ. ತಾನು 1964ರದು ಎಂದು ಯಾರನ್ನೂ ನಂಬಿಸಬೇಕಾದ ಹಂಗು ಅದಕ್ಕಿಲ್ಲ.

ಮುಂದುವರಿಕೆಗೂ ಈಗ ಹಳಮೆ ಬರತೊಡಗಿದೆ. ಇದೇ ಆಸ್ಟನ್ ಮಾರ್ಟಿನ್‌ನ ಡಿಬಿ4 ಜಿಟಿ ಜಗಾಟೊ ಕಾರನ್ನು ಅರವತ್ತರ ದಶಕದಲ್ಲಿ 25 ಮಾಡಬೇಕೆಂದಿದ್ದು 19ಕ್ಕೆ ನಿಲ್ಲಿಸಿದ್ದರು. ಉಳಿದ ಸಂಖ್ಯೆಗಳಲ್ಲಿ ನಾಲ್ಕಕ್ಕೆ 1991ರಲ್ಲಿ ಕಾರುಗಳನ್ನು ಕಟ್ಟಿ, ‘ಸ್ಯಾಂಕ್ಷನ್ 2’ ಎಂಬ ಹೆಸರು ಕೊಟ್ಟರು. ಹಳೆಯದಕ್ಕಿಂತ ದೊಡ್ಡ ಎಂಜಿನ್ನನ್ನೇ ಇಟ್ಟಿದ್ದರಿಂದ ಅವು ಆಗಲೇ ಪರಿಶುದ್ಧ ಪ್ರತಿಗಳಾಗಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ದಾಟಿದ ಅವನ್ನು ಇಂದು ಯಾರೂ ನಕಲೆಂದು ಬದಿಗೆ ಸರಿಸುವುದಿಲ್ಲ. ಹರಾಜಿನ ಪಟ್ಟಿಯಲ್ಲಿ ಸ್ಯಾಂಕ್ಷನ್ 2 ಎಂಬ ಸ್ವಂತ ಹೆಸರಿನಿಂದಲೇ ಬರುತ್ತವೆ. ಅವುಗಳನ್ನು ಕೊಳ್ಳಹೊರಟವನು ಈಗ ಕೇಳಬೇಕಾದ ಪ್ರಶ್ನೆಗಳು ಎಲ್ಲ ಹಳೆಯ ಕಾರುಗಳಿಗೂ ಕೇಳುವಂಥವೇ: ನಡುವೆ ಯಾರ ಬಳಿ ಇತ್ತು, ಎಂಜಿನ್ ಬಿಚ್ಚಿದ್ದಾರೆಯೆ, ಮೈಮೇಲಿನ ಬಣ್ಣ 1991ರ ಅಸಲಿ ಬಣ್ಣವೇ ಅಥವಾ ಆಮೇಲೆ ಯಾರಾದರೂ ಬಳಿಸಿದ್ದೆ?