ಬುಸ್ ಅಂದ ಮಾವ

ಭಾನುವಾರ ಬೆಳಿಗ್ಗೆ ಹಿತಕವರೆ ಹಿಸುಕುತ್ತ ಕೂತಿದ್ದೆ. ಬೋಗುಣಿ ತುಂಬ ನೆನೆದ ಅವರೆಕಾಳು. ಇಂಥ ಕೆಲಸಕ್ಕೆ ಜೊತೆಗೊಂದು ಹಾಡಿರಬೇಕು. ಅಮೆರಿಕದ ಮಹಾಲಿಯಾ ಜಾಕ್ಸನ್ ಹಾಡಿದ ಚರ್ಚಿನ ಭಕ್ತಿಗೀತೆ 'ಪ್ರೆಷಸ್ ಲಾರ್ಡ್' ಹಾಕಿದ್ದೆ. ಆಯಮ್ಮನಿಗೆ ಅವಸರವೇ ಇಲ್ಲ. ಒಂದು ಸಾಲು ಮುಗಿಸುವಷ್ಟರಲ್ಲಿ ನನ್ನವು ಹತ್ತು ಕಾಳು ಆಗಿರುತ್ತವೆ. ನಾನು ಚರ್ಚಿಗೆ ಹೋಗುವವನಲ್ಲ. ಆದರೂ ಗಂಟಲು ಕಟ್ಟುತ್ತದೆ. 1932ರಲ್ಲಿ ಥಾಮಸ್ ಡಾರ್ಸಿ ಊರಲ್ಲಿಲ್ಲದಾಗ ತಂತಿ ಬಂತು, ಹೆರಿಗೆಯಲ್ಲಿ ಹೆಂಡತಿ ಹೋದಳೆಂದು. ಕೂಸೂ ಉಳಿಯಲಿಲ್ಲ. ಆ ಸಂಕಟದಲ್ಲಿ ಬರೆದ ಹಾಡು ಅದು.

ಮುಗಿದದ್ದೇ ತಡ, ಫೋನಿನಿಂದ ಪುಂಗಿ! 1954ರ 'ನಾಗಿನ್' ಚಿತ್ರದ್ದು. ಸಾವಿನ ಮನೆಯಿಂದ ಬಂದವರಿಗೂ ಸ್ನಾನ ಮಾಡುವಷ್ಟು ಪುರುಸೊತ್ತು ಕೊಡುತ್ತಾರೆ. ಈ ಆ್ಯಪ್ ಒಂದು ಉಸಿರಿನಷ್ಟೂ ಕೊಡಲಿಲ್ಲ. ನಿಲ್ಲಿಸೋಣ ಎಂದರೆ ಕೈ ತುಂಬ ಲೋಳೆ. ಒದ್ದೆ ಬೆರಳಿಗೆ ಫೋನು ಬಗ್ಗಲಿಲ್ಲ. ಮೊಣಕೈಯಿಂದ ತಿವಿದೆ. ಸದ್ದು ಜಾಸ್ತಿಯಾಯಿತು. ಇದಕ್ಕೆ ತಿಂಗಳು ತಿಂಗಳು ದುಡ್ಡು ಬೇರೆ ಕಟ್ಟುತ್ತೇನೆ.

ಆ ಪುಂಗಿ ನಿಜವಾದ ಪುಂಗಿಯೂ ಅಲ್ಲ. ಕಲ್ಯಾಣ್‌ಜಿ ಕ್ಲಾವಯೊಲಿನ್ ಎಂಬ ಕರೆಂಟಿನ ವಾದ್ಯದಲ್ಲಿ ನುಡಿಸಿದ್ದು. ಜೊತೆಗೆ ರವಿಯವರ ಹಾರ್ಮೋನಿಯಂ. ಅತ್ತ ಹಾವಿಗೂ ಹೊರಗಿವಿ ಇಲ್ಲ. ಅದರ ಕಣ್ಣೆಲ್ಲ ಎದುರಿಗೆ ಅಲ್ಲಾಡುವ ಬುರುಡೆಯ ಮೇಲೆ. ಹಾವು ತಲೆದೂಗದ ವಾದ್ಯದ ನಕಲಿಗೆ ಎಪ್ಪತ್ತು ವರ್ಷದಿಂದ ನಾವು ತಲೆದೂಗುತ್ತಿದ್ದೇವೆ. ಪುಂಗೋದು ಅಂತ ನಮ್ಮವರು ಸುಮ್ನೆ ಹೇಳಿಲ್ಲ.

ತಲೆದೂಗುವುದಿರಲಿ, ನಮ್ಮ ಸೋದರಮಾವ ನೆಲಕ್ಕೇ ಬಿದ್ದರು.

ಮಗಳ ಆರತಕ್ಷತೆ. ಆರ್ಕೆಸ್ಟ್ರಾದವನು ಇದೇ ಪುಂಗಿ ಎತ್ತಿಕೊಂಡ. ಮಾವ ಬ್ಯಾಂಕಿನಿಂದ ನಿವೃತ್ತರು. ಭಜನೆಯಲ್ಲೂ ತಾಳ ಹಾಕಿದವರಲ್ಲ. ಅವತ್ತು ಅದೇನು ಮೈಮೇಲೆ ಬಂತೋ, ಎರಡೂ ಕೈ ತಲೆಯ ಮೇಲೆ ಜೋಡಿಸಿ ಹೆಡೆಯೆತ್ತಿಬಿಟ್ಟರು. ಕರ್ಚೀಫಿನ ತುದಿ ಬಾಯಲ್ಲಿ ಕಚ್ಚಿ ಎದುರಿಗೆ ಕೂತ ಹಾವಾಡಿಗ ನಾನೇ. ಮಾವ ಎಡಕ್ಕೆ ಬಾಗಿದರು, ಬಲಕ್ಕೆ ಬಾಗಿದರು, ಮಂಡಿಯೂರಿದರು. ರೇಷ್ಮೆ ಪಂಚೆಯಲ್ಲೇ ಕಾರ್ಪೆಟ್ಟಿನ ಮೇಲೆ ಮಲಗಿ ಒಂದು ಸುತ್ತು ಹೊರಳಿದರು. ಅಲ್ಲಿಗೆ ನಿಂತರು. 'ಬುಸ್' ಅಂದರು. ಜನ ಶಿಳ್ಳೆ ಹೊಡೆದರು. ಮತ್ತೆ 'ಬುಸ್' ಅಂದರು. ನೂರು ರೂಪಾಯಿ ನೋಟೊಂದು ಬಂದು ಅವರ ಹೊಟ್ಟೆಯ ಮೇಲೆ ಬಿತ್ತು. ನಾನು ಇನ್ನಷ್ಟು ಹತ್ತಿರ ಹೋಗಿ ಕರ್ಚೀಫ್ ಆಡಿಸಿದೆ. ಆಗ ಹಾವು ಮಾತಾಡಿತು: 'ಸೊಂಟ ಹಿಡ್ಕೊಂಡಿದೆ ಕಣೋ ಮುಂಡೇದೆ, ಎತ್ತೋ!'

ನಾನು ಕೈಯೆತ್ತಿ ನಿಲ್ಲಿಸು ಅಂದರೆ ಆರ್ಕೆಸ್ಟ್ರಾದವನು ಇನ್ನೂ ಬೇಕೆಂದು ತಿಳಿದ. ಅತ್ತೆ ವೇದಿಕೆ ಪಕ್ಕದಿಂದಲೇ 'ಏನ್ರೀ, ಬೀಗರು ನೋಡ್ತಿದಾರೆ, ಏಳ್ರೀ ಸಾಕು' ಅಂದರು. ಕಡೆಗೆ ನಾಲ್ಕು ಹುಡುಗರು ಎತ್ತಿಕೊಂಡು ವಧುವಿನ ಕೋಣೆಯಲ್ಲಿ ಮಲಗಿಸಿದರು. ನೋವಿನ ಮುಲಾಮು ಹಚ್ಚುವಾಗ ಮಾವ ಕೇಳಿದ್ದು ಒಂದೇ ಮಾತು: 'ವಿಡಿಯೋದವನು ತೆಗೆದನೇನೋ?'

ತೆಗೆದಿದ್ದ. ಆಮೇಲೆ ಹತ್ತು ವರ್ಷ, ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಅದನ್ನೇ ತೋರಿಸಿದರು. 'ಬುಸ್' ಬರುವಾಗ ಟಿವಿ ಸದ್ದು ಜಾಸ್ತಿ ಮಾಡುತ್ತಿದ್ದರು.

ಎಲ್ಲಿದ್ದೆ? ಹಾಂ, ಆ್ಯಪ್ ಬೆನ್ನುಬೆನ್ನಿಗೆ ಹಾಕಿದ ಈ ಎರಡು ಹಾಡಿಗೆ ಏನು ನಂಟು ಅನ್ನುವುದು. ಹೊಟ್ಟೆಯುರಿಗೆ ಹುಡುಕಿದೆ. ಶಿಕಾಗೋ ಸಿಕ್ಕಿತು. ಡಾರ್ಸಿ ಇದ್ದದ್ದು ಅಲ್ಲೇ. ಕಾರ್ಟೂನುಗಳಲ್ಲಿ ಬುಟ್ಟಿಯಿಂದ ಹಾವು ಏಳುವಾಗ ಒಂದು ಮಟ್ಟು ಬರುತ್ತದಲ್ಲ, ಅದು ಹೆಸರು ಮಾಡಿದ್ದು ಕೂಡ ಅಲ್ಲಿನ 1893ರ ವಿಶ್ವಮೇಳದಲ್ಲಿ. ಸಾಲ್ ಬ್ಲೂಮ್ ಎಂಬಾತ ಪಿಯಾನೋದಲ್ಲಿ ತಾನೇ ಹುಟ್ಟಿಸಿದೆ ಎಂದು ಹೇಳಿಕೊಂಡ. ಮಟ್ಟು ಅದಕ್ಕಿಂತ ಹಳೆಯದು. ಅವನೂ ಪುಂಗಿದ ಅಂತ ಕಾಣುತ್ತೆ. ಅದೇ ವರ್ಷ, ಅದೇ ಊರಲ್ಲಿ, ಮೇಳಕ್ಕೆ ಸೇರಿದಂತೆಯೇ ನಡೆದ ಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಭಾರತದ ಬಗ್ಗೆ ಮಾತಾಡಿದರು. ಜಗತ್ತಿಗೆ ಯಾವುದು ಜಾಸ್ತಿ ನೆನಪುಳಿಯಿತೋ!

ಇಷ್ಟೆಲ್ಲ ಕೈಗೆ ಸಿಕ್ಕಮೇಲೆ ಏನೋ ದೊಡ್ಡದು ಹೊಳೆಯಬೇಕಿತ್ತು. ಹೊಳೆಯುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗಿತು.

ಈಗ ದಿನಾ ಬೆಳಿಗ್ಗೆ ಆ್ಯಪ್ ನನಗೆ ಪುಂಗಿಯನ್ನೇ ಬಡಿಸುತ್ತಿದೆ. ಅವತ್ತು ಪೂರ್ತಿ ಕೇಳಿದ್ದೆನಲ್ಲ.