"ಆ ಕಡೆ ಏನೂ ಇಲ್ಲ" ಅಂದವರಿಗೆ

ಇವತ್ತು ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಿಂದ ಮನೆಗೆ ಬಂದಾಗಿನಿಂದ ಮೈ ಉರೀತಿದೆ. ಬರೆದು ಹಾಕದಿದ್ದರೆ ಸಮಾಧಾನ ಆಗಲ್ಲ. ಉದ್ದ ಆಗತ್ತೆ, ಓದಿ.

ಇಟಲಿಯ ಶಿಲ್ಪಿ ಕನೋವಾನ ಕ್ಯುಪಿಡ್ ಮತ್ತು ಸೈಕಿ. ಈ ಶಿಲ್ಪದ ಬಗ್ಗೆ ನಾನು ಎಷ್ಟು ತಲೆ ತಿಂದಿದ್ದೀನಿ ಅಂತ ನಿಮಗೆಲ್ಲ ಗೊತ್ತೇ ಇದೆ. ಮೈಕೆಲ್ಯಾಂಜೆಲೋ ಕಡೆದ ಇಬ್ಬರು ಗುಲಾಮರ ಶಿಲ್ಪಗಳು ನಿಂತಿರುವ ಗ್ಯಾಲರಿಯಲ್ಲೇ ಇದೂ ಇದೆ. ಇವತ್ತು ಅಲ್ಲಿ ನಮ್ಮ ಕಡೆಯ ಒಂದು ಟೂರ್ ಗುಂಪು ಬಂದಿತ್ತು. ಕನ್ನಡ ಕಿವಿಗೆ ಬಿದ್ದಿದ್ದೇ ಖುಷಿಯಾಗಿ ಹತ್ತಿರ ಹೋದೆ. ಕರೆದುಕೊಂಡು ಬಂದಿದ್ದ ಗೈಡ್ ಹೇಳ್ತಿದ್ದರು: "ಇದು ಫೇಮಸ್ ಕಿಸ್ ಸ್ಟ್ಯಾಚ್ಯೂ. ಇಲ್ಲೇ ನಿಂತ್ಕೊಳ್ಳಿ, ಫೋಟೋ ಇಲ್ಲಿಂದಲೇ ಚೆನ್ನಾಗಿ ಬರೋದು. ಐದು ನಿಮಿಷ, ಆಮೇಲೆ ಮೋನಾಲಿಸಾ." ಎಲ್ಲರೂ ಒಂದೇ ಕಡೆ ಸಾಲಾಗಿ ನಿಂತರು. ಗುಂಪಿನಲ್ಲಿದ್ದ ಒಬ್ಬ ಅಜ್ಜಿ ಮಾತ್ರ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಶಿಲ್ಪದ ಹಿಂದಕ್ಕೆ ಹೊರಟಿದ್ದರು. ಗೈಡ್ ಕೂಗಿದರು: "ಆ ಕಡೆ ಏನೂ ಇಲ್ಲಮ್ಮಾ, ಬನ್ನಿ ಬನ್ನಿ."

ಏನೂ ಇಲ್ಲವಾ? ಇಡೀ ಕಥೆ ಇರೋದೇ ಆ ಕಡೆ!

ಸೈಕಿಯ ಹಿಂದೆ, ಬಂಡೆಯ ಮೇಲೆ, ಒಂದು ಜಾಡಿ ಇದೆ. ಆ ಜಾಡಿ ನೋಡದೇ ಹೋದರೆ ಇದು ಯಾರೋ ಇಬ್ಬರು ಪ್ರೇಮಿಗಳ ಮುತ್ತು, ಅಷ್ಟೇ. ಎರಡನೇ ಶತಮಾನದಲ್ಲಿ ಅಪುಲಿಯಸ್ ಲ್ಯಾಟಿನ್‌ನಲ್ಲಿ ಬರೆದ ಕಥೆ ಇದು. ಸೈಕಿ ಮನುಷ್ಯರ ಮಗಳು, ಪ್ರೇಮದ ದೇವರು ಕ್ಯುಪಿಡ್ ಮೆಚ್ಚಿದವಳು. ಅವಳ ರೂಪಕ್ಕೆ ಹೊಟ್ಟೆಕಿಚ್ಚುಪಟ್ಟ ಕ್ಯುಪಿಡ್‌ನ ತಾಯಿ, ದೇವತೆ ವೀನಸ್, ಅವಳಿಗೆ ಒಂದಾದ ಮೇಲೊಂದು ಆಗದ ಹೋಗದ ಕೆಲಸ ಹಚ್ಚುತ್ತಾಳೆ. ಕೊನೆಯ ಕೆಲಸ, ಸತ್ತವರ ಲೋಕಕ್ಕೆ ಇಳಿದು ಅಲ್ಲಿನ ರಾಣಿ ಪ್ರೊಸರ್ಪಿನಾಳಿಂದ ಆ ಜಾಡಿಯಲ್ಲಿ ಒಂದಿಷ್ಟು ಸೌಂದರ್ಯ ತುಂಬಿಸಿಕೊಂಡು ಬರೋದು. ತೆರೆಯಬೇಡ ಅಂತ ಹೇಳಿದ್ದರೂ ಸೈಕಿ ತೆರೆಯುತ್ತಾಳೆ. ಒಳಗೆ ಇದ್ದದ್ದು ಸೌಂದರ್ಯ ಅಲ್ಲ, ಸಾವಿನಂಥ ನಿದ್ದೆ. ಅಲ್ಲೇ ಬೀಳುತ್ತಾಳೆ. ಕ್ಯುಪಿಡ್ ಹಾರಿಬಂದು ಆ ನಿದ್ದೆಯನ್ನು ಒರೆಸಿ ತೆಗೆದು, ತನ್ನ ಬಾಣದ ಮೊನೆ ಮೆಲ್ಲಗೆ ತಾಕಿಸಿ ಅವಳನ್ನು ಎಬ್ಬಿಸುತ್ತಾನೆ. ಆ ಬಾಣಗಳ ಬತ್ತಳಿಕೆ ಎಲ್ಲಿದೆ? ಅದೂ ಹಿಂದೆಯೇ, ಅವನ ಸೊಂಟದ ಹತ್ತಿರ.

ಮುಂದೆ ನಿಂತವರಿಗೆ ಕಾಣೋದು ಕ್ಯುಪಿಡ್‌ನ ರೆಕ್ಕೆ, ಮೇಲಕ್ಕೆ ಚಾಚಿ ಅವನ ತಲೆಯ ಸುತ್ತ ಬಳಸಿದ ಸೈಕಿಯ ತೋಳುಗಳು, ಆ ತೋಳುಗಳ ನಡುವೆ ಇನ್ನೇನು ಸೇರಬೇಕಾದ ಎರಡು ಮುಖ. ಅದ್ಭುತ, ಒಪ್ಪಿದೆ. ಆದರೆ ಆ ತೋಳುಗಳು ಸತ್ತಂತೆ ಬಿದ್ದಿದ್ದವಳ ತೋಳುಗಳು, ಈಗ ತಾನೇ ಜೀವ ಬಂದಿರುವ ತೋಳುಗಳು ಅಂತ ಗೊತ್ತಾಗಬೇಕಾದರೆ ಹಿಂದಿನ ಜಾಡಿ ಕಂಡಿರಬೇಕು.

ಕನೋವಾ ಇದನ್ನು ಸುತ್ತ ನೋಡಲಿ ಅಂತಲೇ ಮಾಡಿದ್ದು. ಇದು ನನ್ನ ಊಹೆ ಅಲ್ಲ. ಶಿಲ್ಪ ಪೀಠದ ಮೇಲೆ ತಿರುಗಲಿ ಅಂತ ಸೈಕಿಯ ಪಾದದ ಹತ್ತಿರ ಒಂದು ಹಿಡಿಕೆ ಇಟ್ಟಿದ್ದಾನೆ. ನೋಡುವವರು ಸುತ್ತದಿದ್ದರೆ ಕಲ್ಲನ್ನೇ ಸುತ್ತಿಸುವ ವ್ಯವಸ್ಥೆ ಮಾಡಿದ ಶಿಲ್ಪಿ ಅವನು! 1787ರಲ್ಲಿ ಜಾನ್ ಕ್ಯಾಂಪ್‌ಬೆಲ್ ಅನ್ನುವ ಬ್ರಿಟಿಷ್ ಕರ್ನಲ್ ಇದನ್ನು ಮಾಡಿಕೊಡಲು ಹೇಳಿದ್ದು, ಮುಗಿದದ್ದು 1793ರಲ್ಲಿ. ಆಮೇಲೆ ನೆಪೋಲಿಯನ್‌ನ ತಂಗಿಯ ಗಂಡ ಮ್ಯುರಾ ಕೈಗೆ ಹೋಗಿ, 1824ರಲ್ಲಿ ಲೂವ್ರ್ ಸೇರಿತು. ಅಷ್ಟು ವರ್ಷದ ಕೆಲಸವನ್ನು ಐದು ನಿಮಿಷದಲ್ಲಿ, ಅದೂ ಒಂದೇ ಮಗ್ಗುಲಿಂದ.

ಕೆಲಸ ಅಂದೆನಲ್ಲ, ಅದನ್ನೂ ಹೇಳಬೇಕು. ಕನೋವಾ ಮೊದಲು ಮಣ್ಣಿನಲ್ಲಿ ಮಾಡುತ್ತಿದ್ದ. ಅದರಿಂದ ಪ್ಲಾಸ್ಟರ್ ಮಾದರಿ. ಆ ಮಾದರಿಯ ಮೈತುಂಬ ಸಣ್ಣ ಸಣ್ಣ ಲೋಹದ ಮೊಳೆ ಹೊಡೆದು, ಒಂದೊಂದು ಮೊಳೆಯಿಂದಲೂ ಅಳತೆ ಹಿಡಿದು ಸಹಾಯಕರು ಅಮೃತಶಿಲೆಯನ್ನು ಬಿಡಿಸುತ್ತಿದ್ದರು. ಅವನ ಹುಟ್ಟೂರು ಪೊಸ್ಸಾನ್ಯೊದ ಮ್ಯೂಸಿಯಂನಲ್ಲಿರುವ ಮಾದರಿಗಳ ಮೇಲೆ ಆ ಮೊಳೆಗಳು ಈಗಲೂ ಇವೆ. ಬೆನ್ನಿನ ಮೇಲೂ ಇವೆ. ಕೊನೆಯ ಪದರ ಮಾತ್ರ ಕನೋವಾನದೇ ಕೈ, ಎಷ್ಟೋ ಸಲ ಮೇಣದಬತ್ತಿಯ ಬೆಳಕಿನಲ್ಲಿ, ನೆರಳು ಎಲ್ಲಿ ಹೇಗೆ ಬೀಳುತ್ತೆ ಅಂತ ನೋಡಿಕೊಂಡು. ಇಲ್ಲಿ ಮೈಯನ್ನು ನುಣ್ಣಗೆ ಹೊಳಪು ಕೊಟ್ಟು, ಕೆಳಗಿನ ಬಂಡೆಯನ್ನು ಬೇಕಂತಲೇ ಒರಟಾಗಿ ಬಿಟ್ಟಿದ್ದಾನೆ. ಉಳಿ ಆಡಿದ ಗೆರೆ ಗೆರೆ ಕಾಣುತ್ತೆ. ರೆಕ್ಕೆ ಎಷ್ಟು ತೆಳು ಅಂದರೆ ಕಿಟಕಿಯ ಬೆಳಕು ಒಳಗಿಂದ ಹಾದು ಬರುತ್ತೆ, ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತೆ. ಕಿಟಕಿಯನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಇದು ಕಾಣಲ್ಲ. ಜಾಗ ಬದಲಾಯಿಸಬೇಕು.

ನನಗೆ ಯಾಕೆ ಇಷ್ಟು ಕೋಪ ಅಂತ ನಮ್ಮ ಮನೆ ಗೊತ್ತಿದ್ದವರು ಕೇಳಲ್ಲ. ಅಪ್ಪ ಕೃಷ್ಣಶಿಲೆಯಲ್ಲಿ ದೇವರ ವಿಗ್ರಹ ಮಾಡಿಕೊಂಡು ಬದುಕಿದವರು. ಗರ್ಭಗುಡಿಯಲ್ಲಿ ನಿಲ್ಲಿಸಿದ ಮೇಲೆ ಅರ್ಚಕರನ್ನು ಬಿಟ್ಟರೆ ಇನ್ಯಾರಿಗೂ ವಿಗ್ರಹದ ಬೆನ್ನು ಕಾಣಲ್ಲ. ಆದರೂ ಅಪ್ಪ ಸಣ್ಣ ಚಾಣ ಹಿಡಿದು ಅಮ್ಮನವರ ಜಡೆಯ ಒಂದೊಂದು ಎಳೆ ಬಿಡಿಸುತ್ತಾ ಕೂತಿರೋರು. ದುಡ್ಡು ಕೊಡೋರು ಕೇಳುತ್ತಿರಲಿಲ್ಲ, ಅದಕ್ಕೆ ಹೆಚ್ಚಿಗೆ ಒಂದು ರೂಪಾಯಿ ಬರುತ್ತಿರಲಿಲ್ಲ. ಬೇರೆ ಶಿಲ್ಪಿಗಳ ಕೆಲಸ ನೋಡಲು ಹೋದರೆ ಮೊದಲು ಹಿಂದಕ್ಕೆ ಹೋಗೋರು. ಕನೋವಾನನ್ನು ಸಾಕಿದ್ದೂ ಕಲ್ಲುಕೆಲಸದ ತಾತನೇ, ಅವನ ಚಿಕ್ಕಂದಿನಲ್ಲೇ ಅವನಪ್ಪ ತೀರಿಕೊಂಡಿದ್ದ. ನಮ್ಮಪ್ಪನಿಗೆ ಈ ಶಿಲ್ಪ ತೋರಿಸಲು ನನ್ನಿಂದ ಆಗಲಿಲ್ಲ. ಅದರ ನೋವು ಈ ಕೋಪದಲ್ಲಿ ಸೇರಿಕೊಂಡಿದೆ, ಇರಲಿ.

"ಪಾಪ, ಜನ ಅಷ್ಟು ದೂರದಿಂದ ಬಂದಿರ್ತಾರೆ, ಟೈಮ್ ಇರಲ್ಲ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಶಿಲ್ಪದ ಉದ್ದ 1.68 ಮೀಟರ್, ಸುತ್ತ ಒಂದು ಸುತ್ತು ಬರಲು ಎಷ್ಟು ಹೊತ್ತು ಬೇಕು? ಸೆಲ್ಫಿಗೆ ಹಿಡಿಯುವುದಕ್ಕಿಂತ ಕಡಿಮೆ. ಟೈಮ್ ಇಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಬಂದವರ ತಪ್ಪೂ ಅಲ್ಲ, ಆ ಅಜ್ಜಿ ತಾವಾಗೇ ಹೊರಟಿದ್ದರಲ್ಲ!

ಇನ್ನು ಓದಿಕೊಂಡವರ ತಕರಾರು ಒಂದಿದೆ. ಜರ್ಮನ್ ವಿಮರ್ಶಕ ಫೆರ್ನೋ 1806ರಲ್ಲೇ ಕನೋವಾನ ಮೇಲೆ ಹರಿಹಾಯ್ದಿದ್ದ: ಈ ಶಿಲ್ಪದ ಸುತ್ತ ಓಡಬೇಕು, ಮೇಲೆ ಕೆಳಗೆ ನೋಡಬೇಕು, ಆದರೂ ಎರಡೂ ಮುಖ ಒಟ್ಟಿಗೆ ಸರಿಯಾಗಿ ಕಾಣುವ ಒಂದು ಜಾಗ ಸಿಗಲ್ಲ ಅಂತ. ಒಳ್ಳೆಯ ಶಿಲ್ಪ ಒಂದು ಕಡೆ ನಿಂತರೆ ಪೂರ್ತಿ ದಕ್ಕಬೇಕು ಅನ್ನೋದು ಅವನ ವಾದ. ಯಾಕೆ ದಕ್ಕಬೇಕು? ಚಿತ್ರ ಆದರೆ ಸರಿ. ನಾಲ್ಕೂ ಕಡೆ ಕಡೆದ ಕಲ್ಲಿಗೆ ಒಂದು ಮುಖ ಸಾಕು ಅನ್ನೋದು ಕಡೆದವನಿಗೆ ಮಾಡುವ ಅವಮಾನ. ಆದರೆ ಫೆರ್ನೋ ಬಗ್ಗೆ ನನಗೆ ಗೌರವ ಇದೆ, ಬೈಯುವುದಕ್ಕಾದರೂ ಸುತ್ತ ಓಡಾಡಿ ನೋಡಿದ್ದ. "ಆ ಕಡೆ ಏನೂ ಇಲ್ಲ" ಅನ್ನಲಿಲ್ಲ.

ಸುಮ್ಮನೆ ಬರಲಿಲ್ಲ ನಾನು. ಅಜ್ಜಿ ಹತ್ತಿರ ಹೋಗಿ "ಬನ್ನಿ ಅಜ್ಜಿ, ನಾನು ತೋರಿಸ್ತೀನಿ" ಅಂದೆ. ಗೈಡ್ ಮುಖ ಸಿಂಡರಿಸಿದರು. ಜಾಡಿ ತೋರಿಸಿ ಕಥೆ ಹೇಳಿದೆ. ಅಜ್ಜಿ ಕೇಳಿದರು: "ಬೇಡ ಅಂದರೂ ಮುಚ್ಚಳ ತೆಗೆದಳಾ? ಆಮೇಲೆ ಆ ಅತ್ತೆ ಒಪ್ಪಿದಳಾ?" ಒಪ್ಪಿದಳು ಅಂದೆ. ಸೈಕಿಗೆ ಅಮೃತ ಕುಡಿಸಿ ದೇವತೆ ಮಾಡುತ್ತಾರೆ, ಮದುವೆಯಲ್ಲಿ ವೀನಸ್ ಕುಣಿಯುತ್ತಾಳೆ. ಅಜ್ಜಿ ಗುಂಪಿನ ಇನ್ನೂ ನಾಲ್ಕು ಹೆಂಗಸರನ್ನು ಕೂಗಿ ಕರೆದರು.

ಪ್ಯಾರಿಸ್‌ಗೆ ಬರುವವರು ಯಾರಾದರೂ ಇದ್ದರೆ ಇನ್‌ಬಾಕ್ಸ್ ಮಾಡಿ. ಮಂಗಳವಾರ ಬಿಟ್ಟು, ಅವತ್ತು ಲೂವ್ರ್ ರಜೆ. ಡೆನೋನ್ ವಿಭಾಗ, ಕೊಠಡಿ 403. ನಾನೇ ಬಂದು ಕರೆದುಕೊಂಡು ಹೋಗ್ತೀನಿ, ಹಿಂದಿನಿಂದ ಶುರುಮಾಡೋಣ.